335-ಇ, 500-ಡಿ, ಎಂಎಫ್, ಕೆಐಎ: ಬೆಂಗಳೂರಿನ ಬಸ್ ಬೋರ್ಡುಗಳ ಹಿಂದಿನ ಲೆಕ್ಕ

ಮಾರತ್ತಹಳ್ಳಿ ಸೇತುವೆ ಬಳಿ ಎರಡು ದೊಡ್ಡ ರಸ್ತೆಗಳು ಸೇರುತ್ತವೆ. ಒಂದು ಹಳೆ ವಿಮಾನ ನಿಲ್ದಾಣದ ರಸ್ತೆ. ಇನ್ನೊಂದು ಹೊರ ವರ್ತುಲ ರಸ್ತೆ, ಎಲ್ಲರ ಬಾಯಲ್ಲಿ ರಿಂಗ್ ರೋಡ್. ಬೆಳಗಿನ ಹೊತ್ತು ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಬೆಂಗಳೂರಿನಲ್ಲಿ ಎಷ್ಟು ಬಗೆಯ ಬಸ್ಸುಗಳಿವೆ ಅಂತ ಗೊತ್ತಾಗುತ್ತದೆ. ಊರಿನ ನಡುವಿನ ದೊಡ್ಡ ಬಸ್ ನಿಲ್ದಾಣ ಮೆಜೆಸ್ಟಿಕ್, ಆ ಕಡೆಯಿಂದ ಕಿಕ್ಕಿರಿದ 335-ಇ ಬರುತ್ತದೆ. ರಿಂಗ್ ರೋಡಿನಲ್ಲಿ 500-ಡಿ ಹೋಗುತ್ತದೆ. ಅದರ ಹಿಂದೆಯೇ ಅದೇ ದಾರಿಯಲ್ಲಿ ಎಸಿ ಬಸ್ಸು, ಅದರ ಟಿಕೆಟ್ ಬೇರೆ. ಲಗೇಜು ಹಿಡಿದವರು ಇವನ್ನೆಲ್ಲ ಬಿಟ್ಟು ವಿಮಾನ ನಿಲ್ದಾಣಕ್ಕೆ ಹೋಗುವ ಕೆಐಎ ಬೋರ್ಡಿನ ಬಸ್ಸಿಗೆ ಕೈ ಅಡ್ಡ ಹಾಕುತ್ತಾರೆ. ಊರಿಗೆ ಹೊಸಬರಾದವರು ಪಕ್ಕದಲ್ಲಿ ನಿಂತವರನ್ನು ಕೇಳುವುದು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ.

ಆದರೆ ಇದರ ಹಿಂದೆ ಒಂದು ಲೆಕ್ಕವಿದೆ. ಜನ ಒಂದೇ ರೀತಿ ಓಡಾಡುವುದಿಲ್ಲ. ಒಬ್ಬರಿಗೆ ಮಾರ್ಕೆಟ್ಟಿಗೆ ಹೋಗಬೇಕು, ಒಬ್ಬರಿಗೆ ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಮತ್ತೊಬ್ಬರಿಗೆ ಮನೆಯಿಂದ ಮೆಟ್ರೋವರೆಗೆ ಮಾತ್ರ. ಒಂದೊಂದು ಬಗೆಯ ಬಸ್ಸು ಒಂದೊಂದು ಬಗೆಯ ಓಡಾಟಕ್ಕಾಗಿ ಇದೆ. ಇನ್ನೊಂದು ಮಾತನ್ನೂ ನೆನಪಿಟ್ಟುಕೊಳ್ಳಬೇಕು. ಬಸ್ಸುಗಳೂ ಚಾಲಕರೂ ಲೆಕ್ಕದಷ್ಟೇ ಇರುತ್ತಾರೆ. ಹೊಸ ಬಗೆಯೊಂದನ್ನು ಶುರು ಮಾಡಿದರೆ ಇನ್ನೆಲ್ಲೋ ಒಂದು ಬಸ್ಸು ಕಡಿಮೆಯಾಗಿರುತ್ತದೆ. ಬಸ್ ಸ್ಟಾಪಿನಲ್ಲಿ ನಿಂತು ನಾವು ಪಡುವ ಸಂತೋಷ, ಸಿಟ್ಟು ಎರಡಕ್ಕೂ ಬಹುಪಾಲು ಕಾರಣ ಇಲ್ಲೇ ಇದೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಸಂಘಟಿತ ಬಸ್ ಸೇವೆ ಶುರುವಾದದ್ದು 1940ರಲ್ಲಿ, ಒಂದು ಖಾಸಗಿ ಕಂಪನಿಯಿಂದ. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಆಗ ಬಂದ ಬಿಟಿಎಸ್ ಅನ್ನುವ ಹೆಸರನ್ನು ಹಿರಿಯರು ಈಗಲೂ ಬಳಸುತ್ತಾರೆ. 1997ರ ಆಗಸ್ಟ್ 15ರಂದು ಕೆಎಸ್ಆರ್‌ಟಿಸಿಯಿಂದ ನಗರದ ಬಸ್ಸುಗಳು ಬೇರೆಯಾಗಿ ಬಿಎಂಟಿಸಿ, ಅಂದರೆ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ಹುಟ್ಟಿತು. ಇವತ್ತು ಅದರ ಬಳಿ 6,000ಕ್ಕೂ ಹೆಚ್ಚು ಬಸ್ಸುಗಳಿವೆ.

ಈಗ ನಂಬರುಗಳಿಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಬೋರ್ಡಿನ ಮೇಲಿನ ಮೂರಂಕಿ ನಂಬರು ಸುಮ್ನೆ ಕೊಟ್ಟದ್ದಲ್ಲ. ಊರಿನ ನಕ್ಷೆಯನ್ನು ಗಡಿಯಾರ ಅಂದುಕೊಳ್ಳಿ, ಮುಳ್ಳು ಮೆಜೆಸ್ಟಿಕ್‌ನಲ್ಲಿದೆ. 210 ಉತ್ತರಹಳ್ಳಿ ಕಡೆ, 215 ಜೆ.ಪಿ. ನಗರದ ಕಡೆ, ಎರಡೂ ದಕ್ಷಿಣ. ಅಲ್ಲಿಂದ ಮುಳ್ಳು ಪಶ್ಚಿಮಕ್ಕೆ ಸರಿದರೆ 225, 226: ಮೈಸೂರು ರಸ್ತೆ, ಕೆಂಗೇರಿ. 240ರ ಆಸುಪಾಸಿನವು ಮಾಗಡಿ ರಸ್ತೆ. 258 ತುಮಕೂರು ರಸ್ತೆಯಲ್ಲಿ ನೆಲಮಂಗಲಕ್ಕೆ. 276 ವಿದ್ಯಾರಣ್ಯಪುರಕ್ಕೆ. 285 ಯಲಹಂಕ, ದೊಡ್ಡಬಳ್ಳಾಪುರದ ಕಡೆಗೆ. 290ರವು ಈಶಾನ್ಯಕ್ಕೆ ತಿರುಗುತ್ತವೆ. 300 ದಾಟಿದರೆ ಪೂರ್ವ: 317 ಹೊಸಕೋಟೆಗೆ, 335 ಎಚ್‌ಎಎಲ್ ಮೇಲೆ ವೈಟ್‌ಫೀಲ್ಡ್, ಕಾಡುಗೋಡಿ ಕಡೆಗೆ. 342 ಸರ್ಜಾಪುರ ಕಡೆಗೆ. 356 ಹೊಸೂರು ರಸ್ತೆ. 365 ಬನ್ನೇರುಘಟ್ಟ. ಅಲ್ಲಿಗೆ ಸುತ್ತು ಮುಗಿದು ಮತ್ತೆ ದಕ್ಷಿಣಕ್ಕೆ ಬಂದಿರುತ್ತೇವೆ. ಈ ಸಾಲಿಗೆ ಸೇರದ ನಂಬರುಗಳೂ ಇವೆ, ಎಲ್ಲವೂ ಅಚ್ಚುಕಟ್ಟಾಗಿ ಕೂರುವುದಿಲ್ಲ. ಆದರೂ ಗೊತ್ತಿಲ್ಲದ ಬಸ್ಸೊಂದು ಎದುರಿಗೆ ಬಂದಾಗ ಅದು ಯಾವ ದಿಕ್ಕಿನದು ಅಂತ ಅಂದಾಜು ಮಾಡಲು ಇಷ್ಟು ಸಾಕಾಗುತ್ತದೆ.

ನಂಬರಿನ ಜೊತೆಗಿರುವ ಅಕ್ಷರವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಂಬರು ಮುಖ್ಯ ರಸ್ತೆಯನ್ನು ಹೇಳುತ್ತದೆ, ಅಕ್ಷರ ಕವಲನ್ನು ಹೇಳುತ್ತದೆ. ಒಂದೇ ರಸ್ತೆಯಲ್ಲಿ ಹೊರಟ ಆರು ಬಸ್ಸುಗಳು ಕೊನೆಯಲ್ಲಿ ಆರು ಬಡಾವಣೆಗಳಿಗೆ ಚದುರಬಹುದು. ನಂಬರು ನೋಡಿ ಹತ್ತಿ ಅಕ್ಷರ ಮರೆತರೆ ಕೊನೆಯ ಎರಡು ಕಿಲೋಮೀಟರ್ ನಡಿಗೆಯೇ ಗತಿ.

ಈ ಕವಲುಗಳಲ್ಲೇ ಒಂದು ದೊಡ್ಡ ಸಮಸ್ಯೆ ಅಡಗಿದೆ. ಆರು ಕವಲುಗಳಿಗೂ ಗಂಟೆಗೊಂದು ಬಸ್ಸು ಅಂದುಕೊಳ್ಳಿ. ಮುಖ್ಯ ರಸ್ತೆಯಲ್ಲಿ ನಿಂತವರಿಗೆ ಹತ್ತು ನಿಮಿಷಕ್ಕೊಂದು ಬಸ್ಸು ಸಿಗುತ್ತದೆ, ಅವರಿಗೆ ಏನೂ ತೊಂದರೆಯಿಲ್ಲ. ಕವಲಿನ ತುದಿಯಲ್ಲಿರುವವರಿಗೆ ಗಂಟೆಗೊಂದೇ. ಅದೂ ಒಂದು ಟ್ರಿಪ್ ತಪ್ಪಿದರೆ ಎರಡು ಗಂಟೆ. ಒಂದೇ ನಂಬರಿನ ಬಸ್ಸಿನ ಬಗ್ಗೆ ಒಬ್ಬರು ಬೇಕಾದಷ್ಟು ಬಸ್ಸಿವೆ ಅಂತಾರೆ, ಇನ್ನೊಬ್ಬರು ಬಸ್ಸೇ ಇಲ್ಲ ಅಂತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಊರಿನ ನಡುವಿನಿಂದ ಹೊರಗೆ ಚಾಚುವ ದಾರಿಗಳು. ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ಶಿವಾಜಿನಗರ, ಈ ಮೂರು ಬಸ್ ನಿಲ್ದಾಣಗಳೇ ಹಳೆ ವ್ಯವಸ್ಥೆಯ ಬೇರು. ಮೆಜೆಸ್ಟಿಕ್ ಎದುರಿಗೇ ರೈಲ್ವೆ ಸ್ಟೇಷನ್. ಮಾರ್ಕೆಟ್‌ನಲ್ಲಿ ವ್ಯಾಪಾರ. ಶಿವಾಜಿನಗರ ದಂಡು ಪ್ರದೇಶದ ಕಡೆಯ ಕೇಂದ್ರ. ಕೆಲಸ, ಕೋರ್ಟು, ಕಚೇರಿ, ದೊಡ್ಡ ಆಸ್ಪತ್ರೆ ಎಲ್ಲ ನಡುವಿನಲ್ಲೇ ಇದ್ದ ಕಾಲಕ್ಕೆ ಇದು ಸರಿಯಾಗಿತ್ತು. ಮೆಜೆಸ್ಟಿಕ್‌ಗೆ ಬಂದರೆ ಎಲ್ಲಿಗೆ ಬೇಕಾದರೂ ಬಸ್ಸು ಸಿಗುತ್ತಿತ್ತು. ಈಗಲೂ ಹೆಚ್ಚುಕಡಿಮೆ ಸಿಗುತ್ತದೆ.

ತೊಂದರೆ ಬಂದದ್ದು ಕೆಲಸಗಳೇ ಊರಿನ ಅಂಚಿಗೆ ಹೋದಾಗ. ಬನಶಂಕರಿಯಲ್ಲಿರುವವರು ಬೆಳ್ಳಂದೂರಿಗೆ ಹೋಗಲು ಮೆಜೆಸ್ಟಿಕ್‌ಗೆ ಬರಬೇಕು ಅಂದರೆ ಅರ್ಥವಿಲ್ಲ, ಅಲ್ವಾ? ಅದಕ್ಕೆ 500ರ ಸರಣಿ. ಇವು ಮಧ್ಯಕ್ಕೆ ಬರುವುದೇ ಇಲ್ಲ, ರಿಂಗ್ ರೋಡ್ ಹಿಡಿದು ಸುತ್ತುತ್ತವೆ. ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿ, ಟಿನ್ ಫ್ಯಾಕ್ಟರಿ ಮೇಲೆ ಹೆಬ್ಬಾಳಕ್ಕೆ ಹೋಗುವ 500-ಡಿ ಈ ಪೈಕಿ ಎಲ್ಲರಿಗೂ ಗೊತ್ತಿರುವ ನಂಬರು.

ರಿಂಗ್ ಬಸ್ಸಿನ ಗುಣವೇ ಬೇರೆ. ಮಧ್ಯಕ್ಕೆ ಹೋಗುವ ಬಸ್ಸು ಬೆಳಿಗ್ಗೆ ಒಳಕ್ಕೆ ತುಂಬಿ ಬರುತ್ತದೆ, ಹೊರಕ್ಕೆ ಅರ್ಧ ಖಾಲಿ ಹೋಗುತ್ತದೆ. ಸಂಜೆ ಇದು ತಿರುಗುಮುರುಗು. ರಿಂಗ್ ರೋಡಿನಲ್ಲಿ ಎರಡೂ ಕಡೆಗೆ ಜನ ಇರುತ್ತಾರೆ. ಅದೂ ಅಲ್ಲದೆ ಒಬ್ಬರೇ ಮೊದಲಿನಿಂದ ಕೊನೆವರೆಗೆ ಕೂರುವುದು ಕಡಿಮೆ. ಅಗರದಲ್ಲಿ ಹತ್ತಿದವರು ಮಾರತ್ತಹಳ್ಳಿಯಲ್ಲಿ ಇಳಿಯುತ್ತಾರೆ, ಅದೇ ಸೀಟಿಗೆ ಕೆ.ಆರ್. ಪುರದ ಕಡೆಯವರು ಬರುತ್ತಾರೆ. ಒಂದೇ ಸೀಟು ಒಂದೇ ಟ್ರಿಪ್ಪಿನಲ್ಲಿ ಮೂರ್ನಾಲ್ಕು ಜನಕ್ಕೆ ಒದಗುತ್ತದೆ. ಇಷ್ಟು ಉಪಯೋಗಕ್ಕೆ ಬರುವ ದಾರಿ ಊರಿನಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅನಿಸಿಕೆ. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸುಗಳಿಗೇ ಒಂದು ಪಥ ಮೀಸಲಿಟ್ಟಾಗ ತುಂಬಾ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಮೆಟ್ರೋ ಕಾಮಗಾರಿ ಬಂದ ಮೇಲೆ ಆ ಪಥ ಉಳಿಯಲಿಲ್ಲ. ಮೆಟ್ರೋ ಕೆಲಸ ಮುಗಿದ ಮೇಲೆ ಅದು ಮರಳಿ ಬರಲೇಬೇಕು.

400ರ ನಂಬರುಗಳು ಹೆಚ್ಚಾಗಿ ಬಡಾವಣೆಯಿಂದ ಬಡಾವಣೆಗೆ ಅಡ್ಡ ಹೋಗುವಂಥವು. ಯಶವಂತಪುರ, ಯಲಹಂಕ, ಕೆಂಗೇರಿ ಇಂಥ ಜಾಗಗಳನ್ನು ಮೆಜೆಸ್ಟಿಕ್ ಮುಟ್ಟದೆ ಜೋಡಿಸುತ್ತವೆ. ಜಿ ಅಕ್ಷರದಿಂದ ಶುರುವಾಗುವವು ಬ್ರಿಗೇಡ್ ರಸ್ತೆಯ ಆಸುಪಾಸಿನಿಂದ ಹೊರಡುವ ನೇರ ದಾರಿಗಳು. ಮುಖ್ಯ ರಸ್ತೆ ಬಿಟ್ಟು ಒಳಗೆ ಸುತ್ತುವುದಿಲ್ಲ ಅನ್ನುವುದೇ ಅವುಗಳ ಹೆಚ್ಚುಗಾರಿಕೆ.

ಇನ್ನು ಎಂಎಫ್. ಮೆಟ್ರೋ ಫೀಡರ್. ನಮ್ಮ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಶುರುವಾಯಿತು. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್ ಮುಟ್ಟಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗವೂ ಬಂತು. ಸ್ಟೇಷನ್ನಿನಿಂದ ಮನೆಗೆ ಇರುವ ಮೂರ್ನಾಲ್ಕು ಕಿಲೋಮೀಟರಿಗೆ ಆಟೋದವರು ಕೇಳುವ ದುಡ್ಡು ಮೆಟ್ರೋ ಟಿಕೆಟ್ಟಿಗಿಂತ ಜಾಸ್ತಿಯಾಗುವುದುಂಟು. ಆ ಜಾಗ ತುಂಬುವುದೇ ಈ ಪುಟ್ಟ ಬಸ್ಸುಗಳ ಕೆಲಸ. ನೋಡಲು ಇವು ಸಣ್ಣ ಸೇವೆ. ಲೆಕ್ಕದಲ್ಲಿ ನೋಡಿದರೆ ಹಾಗಲ್ಲ.

ಒಂದು ಬಸ್ಸು ಹೊರಟು, ಕೊನೆ ಮುಟ್ಟಿ, ಮತ್ತೆ ಹೊರಟಲ್ಲಿಗೆ ಬರಲು 120 ನಿಮಿಷ ಬೇಕು ಅಂದುಕೊಳ್ಳಿ. ಹತ್ತು ನಿಮಿಷಕ್ಕೊಂದು ಬಸ್ಸು ಬೇಕಾದರೆ ಆ ದಾರಿಗೆ 12 ಬಸ್ಸು ಬೇಕು. ಟ್ರಾಫಿಕ್ ಹೆಚ್ಚಿ ಅದೇ ಸುತ್ತಿಗೆ 150 ನಿಮಿಷ ಆಯಿತು. ಈಗ 15 ಬಸ್ಸು ಬೇಕು. ಹೊಸದಾಗಿ ಒಬ್ಬ ಪ್ರಯಾಣಿಕರಿಗೂ ಅನುಕೂಲವಾಗಲಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲೇ ಮೂರು ಬಸ್ಸು ಹೋದವು. ಬೆಂಗಳೂರಿನ ಉದ್ದ ದಾರಿಗಳಲ್ಲಿ ವರ್ಷಗಳಿಂದ ಆಗುತ್ತಿರುವುದು ಇದೇ. ಫೀಡರ್ ಸುತ್ತು 40 ನಿಮಿಷದ್ದಾದರೆ ನಾಲ್ಕೇ ಬಸ್ಸಿನಲ್ಲಿ ಹತ್ತು ನಿಮಿಷಕ್ಕೊಂದು ಕೊಡಬಹುದು. ಮೆಜೆಸ್ಟಿಕ್‌ನಂಥ ಕಡೆ ಸಿಕ್ಕಿಕೊಳ್ಳುವ ಭಯವೂ ಇಲ್ಲ.

ಉದ್ದ ದಾರಿಗೆ ಇನ್ನೊಂದು ಕಾಟವಿದೆ. ಅರ್ಧ ಗಂಟೆ ಬಸ್ಸೇ ಇಲ್ಲ, ಆಮೇಲೆ ಒಂದೇ ನಂಬರಿನ ಮೂರು ಬಸ್ಸು ಸಾಲಾಗಿ ಬರುತ್ತವೆ. ಚಾಲಕರು ಮಾತಾಡಿಕೊಂಡು ಒಟ್ಟಿಗೆ ಬರುತ್ತಾರೆ ಅಂತ ಜನ ಬೈಯುವುದನ್ನು ಕೇಳಿದ್ದೇನೆ. ಆಗುವುದು ಬೇರೆ. ಮುಂದಿನ ಬಸ್ಸು ಒಂದು ಸಿಗ್ನಲ್ಲಿನಲ್ಲಿ ಐದು ನಿಮಿಷ ತಡವಾಯಿತು. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಜನ ಸೇರಿದರು. ಅವರೆಲ್ಲ ಹತ್ತಲು ಮತ್ತಷ್ಟು ಹೊತ್ತು ಹಿಡಿಯಿತು. ಕಂಡಕ್ಟರ್ ‘ಒಳಗಡೆ ಹೋಗ್ರೀ, ಜಾಗ ಇದೆ’ ಅಂತ ಕೂಗುತ್ತಲೇ ಇರುತ್ತಾರೆ, ಬಾಗಿಲು ಮುಚ್ಚುವುದಿಲ್ಲ. ಪ್ರತಿ ಸ್ಟಾಪಿನಲ್ಲೂ ತಡ ಬೆಳೆಯುತ್ತದೆ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. ದಾರಿ ಉದ್ದವಾದಷ್ಟೂ ಈ ಗುಂಪುಗೂಡುವಿಕೆ ಹೆಚ್ಚು. ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರು, ಅಂದರೆ ಟಿ.ಸಿ.ಗಳು, ಒಂದನ್ನು ತಡೆದು ಇನ್ನೊಂದನ್ನು ಬಿಟ್ಟು ಅಂತರ ಸರಿಮಾಡಲು ನೋಡುತ್ತಾರೆ. ನಡುದಾರಿಯಲ್ಲಿ ಅವರ ಕೈಗೆ ಏನೂ ಸಿಗುವುದಿಲ್ಲ.

ಬಸ್ಸು ಎಲ್ಲಿಗೆ ಹೋಗುತ್ತದೆ ಅನ್ನುವುದು ಒಂದು ವಿಂಗಡಣೆ. ಎಷ್ಟು ದುಡ್ಡು, ಎಷ್ಟು ಸೌಕರ್ಯ ಅನ್ನುವುದು ಇನ್ನೊಂದು. ಸಾಮಾನ್ಯ ಬಸ್ಸು, ಎಸಿಯ ವಜ್ರ, ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರ. 2006ರಲ್ಲಿ ವೋಲ್ವೋ ಬಸ್ಸುಗಳನ್ನು ನಗರ ಸಾರಿಗೆಗೆ ಇಳಿಸಿ ಬೆಂಗಳೂರು ದೇಶದಲ್ಲೇ ಮೊದಲಾಯಿತು. ಕಾರು ಇರುವವರನ್ನೂ ಬಸ್ಸಿಗೆ ಹತ್ತಿಸಬೇಕು ಅನ್ನುವುದು ವಜ್ರದ ಉದ್ದೇಶ. ಐಟಿ ಕಚೇರಿಗಳ ದಾರಿಯಲ್ಲಿ ಅದು ಫಲಿಸಿತು. ವಾಯು ವಜ್ರ ಶುರುವಾದದ್ದು 2008ರಲ್ಲಿ, ದೇವನಹಳ್ಳಿ ಬಳಿ ಹೊಸ ವಿಮಾನ ನಿಲ್ದಾಣ ತೆರೆದಾಗ. ಕೆಐಎ ನಂಬರುಗಳು ಅದರವು. ಸ್ಟಾಪು ಕಡಿಮೆ, ಲಗೇಜಿಗೆ ಜಾಗ, ರಾತ್ರಿಯೂ ಓಡಾಟ. ಮೆಟ್ರೋ ಇಲ್ಲದ ವಿಮಾನ ನಿಲ್ದಾಣಕ್ಕೆ ಇಷ್ಟು ಅಚ್ಚುಕಟ್ಟಾದ ಬಸ್ ವ್ಯವಸ್ಥೆ ಇರುವುದು ಹೆಮ್ಮೆಪಡುವ ವಿಷಯ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ವಿಂಗಡಣೆಯ ಅರ್ಥವೇ ಬದಲಾಯಿತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ, ವಜ್ರದಲ್ಲಿ ಅಲ್ಲ. ಅಲ್ಲಿವರೆಗೆ ಎರಡರ ನಡುವೆ ಇದ್ದದ್ದು ಕೆಲವು ರೂಪಾಯಿಗಳ ವ್ಯತ್ಯಾಸ. ಈಗ ಒಂದಕ್ಕೆ ದುಡ್ಡು, ಒಂದಕ್ಕೆ ಇಲ್ಲ. ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಎದುರಿಗೆ ಅರ್ಧ ಖಾಲಿ ವಜ್ರ ನಿಂತರೂ ಬಿಟ್ಟು ಹಿಂದಿನ ಬಸ್ಸಿಗೆ ಕಾಯುತ್ತಾರೆ. ಅವರ ಲೆಕ್ಕ ಸರಿಯಾಗಿಯೇ ಇದೆ. ಒಂದು ದಾರಿಯಲ್ಲಿ ಗಂಟೆಗೆ ಆರು ಬಸ್ಸು, ಅದರಲ್ಲಿ ಮೂರು ವಜ್ರ ಅಂದರೆ ಅವರ ಪಾಲಿಗೆ ಗಂಟೆಗೆ ಮೂರೇ ಬಸ್ಸು. ವೇಳಾಪಟ್ಟಿ ಮಾಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಲೇಬೇಕು.

ದರದ ವಿಷಯದಲ್ಲಿ ಇನ್ನೊಂದು ಮಾತು. ಬಿಎಂಟಿಸಿ ಟಿಕೆಟ್ ಸ್ಟೇಜ್ ಲೆಕ್ಕದಲ್ಲಿ ನಡೆಯುತ್ತದೆ, ಒಂದು ಸ್ಟೇಜ್ ಅಂದರೆ ಸುಮಾರು 2 ಕಿಲೋಮೀಟರ್. ದೂರ ಹೋದಷ್ಟೂ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ. ನಡುವೆ ಇಳಿದು ಬೇರೆ ಬಸ್ಸು ಹತ್ತಿದರೆ ಮತ್ತೆ ಮೊದಲ ಸ್ಟೇಜಿನಿಂದ ಲೆಕ್ಕ. ಹಾಗಾಗಿ ಒಂದೇ ದೂರಕ್ಕೆ ಎರಡು ಬಸ್ಸಿನಲ್ಲಿ ಹೋದವರು ಜಾಸ್ತಿ ಕೊಡುತ್ತಾರೆ. ಜನ ನೇರ ಬಸ್ಸೇ ಬೇಕು ಅಂತ ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಪಾಸ್ ಇದ್ದರೆ ಈ ತೊಂದರೆ ಇಲ್ಲ. 2025ರ ಜನವರಿಯಲ್ಲಿ ದರ ಏರಿದ ಮೇಲೆ ಸಾಮಾನ್ಯ ಬಸ್ಸಿನ ದಿನದ ಪಾಸ್ 80 ರೂಪಾಯಿ. ವಜ್ರದ ಪಾಸ್ ಇದ್ದವರು ಸಾಮಾನ್ಯ ಬಸ್ಸೂ ಹತ್ತಬಹುದು, ಸಾಮಾನ್ಯ ಪಾಸಿನಲ್ಲಿ ವಜ್ರ ಹತ್ತುವಂತಿಲ್ಲ.

ಸ್ಟಾಪು ಕಡಿಮೆ ಮಾಡಿ ವೇಗ ಹೆಚ್ಚಿಸುವ ಎಕ್ಸ್‌ಪ್ರೆಸ್ ಬಸ್ಸುಗಳು ಯಾಕೆ ಎಲ್ಲ ಕಡೆ ಇಲ್ಲ ಅಂತ ಕೇಳುವವರಿದ್ದಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಬಸ್ಸಿಗೇ ಬೇರೆ ಪಥ ಇದೆ, ಸ್ಟೇಷನ್ನಿನಲ್ಲಿ ನಿಂತ ಬಸ್ಸನ್ನು ಹಿಂದೆ ಹಾಕಲು ಜಾಗವೂ ಇದೆ. ಎಲ್ಲ ಕಡೆ ನಿಲ್ಲುವ ಬಸ್ಸು, ತಡೆರಹಿತ ಬಸ್ಸು ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಬೆಂಗಳೂರಿನ ಒಳಗೆ ಸ್ಟಾಪು ಬಿಟ್ಟರೂ ಬಸ್ಸು ಅದೇ ಕಾರುಗಳ ಹಿಂದೆ ನಿಲ್ಲಬೇಕು. ಉಳಿಯುವುದು ಕೆಲವೇ ನಿಮಿಷ. ಊರಂಚಿನ ಟೋಲ್ ರಸ್ತೆಯಾದ ನೈಸ್ ರಸ್ತೆಯಂಥ ಕಡೆ ಮಾತ್ರ ಇದು ನಿಜವಾಗಿ ಫಲ ಕೊಡುತ್ತದೆ.

ಪ್ರಯಾಣಿಕರ ಕಣ್ಣಿಗೆ ಬೀಳದ ಮೂರನೇ ವಿಂಗಡಣೆಯೊಂದಿದೆ: ಬಸ್ಸಿನ ದಿನ ಹೇಗೆ ಕಟ್ಟಿದ್ದಾರೆ ಅನ್ನುವುದು. ಡಿಪೋದಲ್ಲಿ ಇದಕ್ಕೆ ಶೆಡ್ಯೂಲ್ ಅನ್ನುತ್ತಾರೆ. ಒಂದು ಶೆಡ್ಯೂಲ್ ಎಷ್ಟಕ್ಕೆ ಹೊರಡಬೇಕು, ಯಾವ ಟ್ರಿಪ್ ಎಲ್ಲಿಗೆ, ಊಟಕ್ಕೆ ಎಲ್ಲಿ ನಿಲ್ಲಬೇಕು ಎಲ್ಲವೂ ಫಾರಂ-4 ಅನ್ನುವ ಹಾಳೆಯಲ್ಲಿ ಇರುತ್ತದೆ. ಜನರಲ್ ಶಿಫ್ಟ್ ಅಂದರೆ ಒಂದೇ ಜೋಡಿ ಸಿಬ್ಬಂದಿ ಹಗಲು ಓಡಿಸುವುದು. ಎರಡು ಪಾಳಿಯ ಬಸ್ಸು ಬೆಳಗಿನ ಜಾವ ಹೊರಟರೆ ರಾತ್ರಿವರೆಗೆ ರಸ್ತೆಯಲ್ಲಿರುತ್ತದೆ, ಮಧ್ಯಾಹ್ನ ಸಿಬ್ಬಂದಿ ಬದಲಾಗುತ್ತಾರೆ. ನೈಟ್ ಔಟ್ ಇನ್ನೊಂದು ಬಗೆ. ಊರಿನಾಚೆಯ ಹಳ್ಳಿಗೆ ರಾತ್ರಿ ಕೊನೆಯ ಬಸ್ಸು ಹೋಗಿ ಅಲ್ಲೇ ತಂಗುತ್ತದೆ. ಬೆಳಿಗ್ಗೆ ಅದೇ ಮೊದಲ ಬಸ್ಸಾಗಿ ಹಾಲು, ಹೂವು, ಸೊಪ್ಪು ತರುವವರನ್ನು ಹತ್ತಿಸಿಕೊಂಡು ಬರುತ್ತದೆ. ಹೀಗೆ ತಂಗದೆ ಹೋದರೆ ಆ ಬಸ್ಸು ರಾತ್ರಿ ಡಿಪೋಗೆ ಖಾಲಿ ಬಂದು, ನಸುಕಿನಲ್ಲಿ ಮತ್ತೆ ಖಾಲಿ ಹೋಗಬೇಕು. ಅದಕ್ಕೆ ಡೆಡ್ ಕಿಲೋಮೀಟರ್ ಅನ್ನುತ್ತಾರೆ: ಡೀಸೆಲ್ ಖರ್ಚಾಗುತ್ತದೆ, ಒಬ್ಬರೂ ಹತ್ತುವುದಿಲ್ಲ. ಸರಿಯಾದ ಸೌಲಭ್ಯವಿಲ್ಲದ ಕಡೆ ರಾತ್ರಿ ಕಳೆಯುವ ಆ ಚಾಲಕ, ಕಂಡಕ್ಟರ್ ಇಬ್ಬರ ಕಷ್ಟವನ್ನು ನಾವು ನೆನೆಯುವುದು ಕಡಿಮೆ.

ಎಲೆಕ್ಟ್ರಿಕ್ ಬಸ್ಸುಗಳು ಬಂದ ಮೇಲೆ ಇದರೊಳಗೇ ಹೊಸದೊಂದು ಪದ್ಧತಿ ಸೇರಿದೆ. ಈ ಬಸ್ಸುಗಳು ಬಹುಪಾಲು ಬಿಎಂಟಿಸಿಯ ಸ್ವಂತದ್ದಲ್ಲ. ಬಸ್ಸೂ ಚಾಲಕರೂ ಗುತ್ತಿಗೆ ಕಂಪನಿಯವರು, ಕಂಡಕ್ಟರ್ ಬಿಎಂಟಿಸಿಯವರು. ಕಂಪನಿಗೆ ಕೊಡುವುದು ಓಡಿದ ಕಿಲೋಮೀಟರಿಗೆ ಇಷ್ಟು ಅಂತ, ಹತ್ತಿದ ಜನರ ಲೆಕ್ಕಕ್ಕಲ್ಲ. ಜನ ಕಡಿಮೆ ಇರುವ ದಾರಿಗೂ ಬಸ್ಸು ಬಿಡಲು ಇದರಿಂದ ಕಂಪನಿಗೆ ಅಡ್ಡಿಯಿಲ್ಲ. ಆದರೆ ಬ್ಯಾಟರಿಗೆ ನಡುವೆ ಚಾರ್ಜ್ ಬೇಕು. ಆ ಹೊತ್ತನ್ನು ಫಾರಂ-4ರಲ್ಲೇ ಸೇರಿಸಬೇಕಾಗುತ್ತದೆ.

ಹೊಸ ಬಡಾವಣೆಗಳ ಸಂಘಗಳು ಬಸ್ಸಿಗಾಗಿ ಅರ್ಜಿ ಕೊಡುವಾಗ ಹೆಚ್ಚಾಗಿ ಬರೆಯುವುದು ಒಂದೇ ಸಾಲು: ‘ಮೆಜೆಸ್ಟಿಕ್‌ಗೆ ನೇರ ಬಸ್ ಕೊಡಿ.’ ಇಲ್ಲಿ ನನ್ನ ಅಭಿಪ್ರಾಯ ಬೇರೆ. ಹೋಗಿ ಬರಲು ಮೂರು ಗಂಟೆಯಾಗುವ ದಾರಿಗೆ ಒಂದು ಬಸ್ಸು ಕೊಟ್ಟರೆ ದಿನಕ್ಕೆ ನಾಲ್ಕೈದು ಟ್ರಿಪ್ ಸಿಗುತ್ತದೆ. ಅದೇ ಬಸ್ಸನ್ನು ಹತ್ತಿರದ ಮೆಟ್ರೋ ಸ್ಟೇಷನ್ನಿಗೋ ರಿಂಗ್ ರೋಡಿಗೋ ಓಡಿಸಿದರೆ 40 ನಿಮಿಷಕ್ಕೊಂದು ಸಿಗಬಹುದು. ಮಂಡಿ ನೋವಿರುವ ಹಿರಿಯರಿಗೆ, ಸಾಮಾನು ಹೊತ್ತವರಿಗೆ ಇಳಿದು ಹತ್ತುವುದು ಕಷ್ಟ, ನಿಜ. ಅವರಿಗಾಗಿ ಬೆಳಿಗ್ಗೆ ಒಂದು, ಸಂಜೆ ಒಂದು ನೇರ ಟ್ರಿಪ್ ಕೇಳಿ. ಉಳಿದ ಹೊತ್ತಿಗೆ ಫೀಡರ್ ಕೇಳಿ. ಅರ್ಜಿಯಲ್ಲಿ ಮೊದಲ ಬಸ್ಸು ಎಷ್ಟಕ್ಕೆ ಬೇಕು, ಕೊನೆಯದು ಎಷ್ಟಕ್ಕೆ, ನಡುವೆ ಎಷ್ಟು ನಿಮಿಷಕ್ಕೊಂದು ಅನ್ನುವುದನ್ನು ಬಿಡಿಸಿ ಬರೆಯಿರಿ. ರಾತ್ರಿಯ ಕೊನೆ ಮೆಟ್ರೋ ಬಂದು ಹತ್ತು ನಿಮಿಷದ ಮೇಲೆ ಸ್ಟೇಷನ್ನಿನಿಂದ ಒಂದು ಟ್ರಿಪ್ ಹೊರಡಲಿ ಅನ್ನುವುದನ್ನೂ ಮರೆಯದೆ ಸೇರಿಸಿ.